ಬಲಗೈಯ ಬಿಸಿಲು

"ಉಜ್ಜಿದ್ರೆ ಹೋಗಲ್ಲಮ್ಮ, ಅದೇನು ಕೊಳೇನಾ?" ಮಗಳು ಊಟದ ನಡುವೆಯೇ ಫೋನಿನಲ್ಲಿ ಯಾರೋ ರೋಗಿಗೆ ಹೇಳುತ್ತಿದ್ದಳು. ಚರ್ಮದ ಆಸ್ಪತ್ರೆಯಲ್ಲಿ ನರ್ಸ್ ಆದವಳಿಗೆ ಮನೆಗೆ ಬಂದರೂ ಇದೇ ರಾಗ. "ಬಿಸಿಲು ಬಿದ್ರೆ ಚರ್ಮ ತನಗೆ ತಾನೇ ಕೊಡೆ ಹಿಡ್ಕೊಳ್ಳುತ್ತೆ. ಆ ಕೊಡೆಯ ಬಣ್ಣಾನೇ ಈ ಕಪ್ಪು. ಬಿಸಿಲು ತಪ್ಪಿಸಿ. ಮೇಲಿನ ಪದರ ಉದುರ್ತಾ ಉದುರ್ತಾ, ಒಂದೆರಡು ತಿಂಗಳಲ್ಲಿ ತಾನೇ ತಿಳಿಯಾಗುತ್ತೆ."

ಎದುರಿಗೆ ಕೂತಿದ್ದ ಅವಳಪ್ಪ ಬಸ್ ಡ್ರೈವರ್. ಅವನು ತಟ್ಟೆಯಲ್ಲಿದ್ದ ತನ್ನ ಕೈ ನೋಡಿಕೊಂಡ. ಬಲಗೈಯನ್ನು ಬಚ್ಚಿಡೋಣವೆಂದರೆ ಉಣ್ಣುತ್ತಿದ್ದ ಕೈಯೇ ಅದು.

ಇಪ್ಪತ್ತಾರು ವರ್ಷ ತೆರೆದ ಕಿಟಕಿಯ ಪಕ್ಕ ಕೂತು ಬಸ್ಸು ಓಡಿಸಿದವನ ಬಲಗೈ ಎಡಗೈಗಿಂತ ಎಷ್ಟೋ ಕಪ್ಪು. ಡಿಪೋದಲ್ಲಿ ಅವನ ಹೆಸರೇ ಜೋಡಿಬಣ್ಣ. ಆದರೆ ಐದು ವಾರದಿಂದ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಕೆಳಗಿನ ಅಕ್ಷರಗಳು ಇರುವೆ ಸಾಲಿನಂತೆ ಕಂಡದ್ದೇ ತಡ, ಪೊರೆ ಬಂದಿದೆ ಎಂದು ಹೇಳಿ ಒಳಕೋಣೆಯಲ್ಲಿ ಬಸ್ಸುಗಳ ಬೀಗದಕೈ ಕೊಡಲು ಕೂರಿಸಿದ್ದರು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. "ಕಣ್ಣು ತೋರಿಸ್ಕೊಳ್ರೀ" ಎಂದು ಹೆಂಡತಿ ವರ್ಷವೆಲ್ಲ ಗೋಗರೆದಾಗ, "ನಿನ್ನ ತಲೇಲಿರೋ ಬಿಳಿಕೂದಲು ಇಲ್ಲಿಂದ್ಲೇ ಎಣಿಸ್ಲಾ?" ಎಂದು ಅವಳ ಬಾಯಿ ಮುಚ್ಚಿಸಿದವನು ಅವನೇ. ಮುಂದಿನ ತಿಂಗಳು ಮರುಪರೀಕ್ಷೆಯಿತ್ತು. ಅಲ್ಲಿಯವರೆಗೆ ಗುಟ್ಟು ಉಳಿದರೆ ಸಾಕು ಎಂದು, ಅಂಗಡಿಯಿಂದ ಯಾವುದೋ ಕಣ್ಣಿನ ಹನಿ ತಂದು ಕದ್ದು ಹಾಕಿಕೊಳ್ಳುತ್ತಿದ್ದ.

"ಏನ್ರೀ, ಕೈ ತಿಳಿಯಾದ ಹಾಗಿದೆ? ಬಸ್ಸಿಗೆ ಪರದೆ ಹಾಕ್ಸಿದ್ರಾ?" ಹೆಂಡತಿ ನಕ್ಕಳು.

ಅವನೂ ನಕ್ಕ. ಕೈ ತೊಳೆಯುವಾಗ ಮಗಳನ್ನು ಮೆಲ್ಲಗೆ ಕೇಳಿದ: "ಹೋದ ಬಣ್ಣ ಮತ್ತೆ ಬರೋಕೆ ಎಷ್ಟು ದಿನ ಬೇಕೇ?"

"ಎರಡು ಮೂರು ದಿನಕ್ಕೆ ಶುರುವಾಗುತ್ತೆ. ಯಾಕಪ್ಪ?"

"ನಮ್ಮ ಕಂಡಕ್ಟರ್ ಕೇಳ್ತಿದ್ದ."

ಮರುದಿನ ಮಧ್ಯಾಹ್ನ ಡಿಪೋದ ಹಿಂದೆ ಹಳೆ ಟೈರಿನ ಮೇಲೆ ಕೂತ. ಅಂಗಿಯ ತೋಳು ಮಡಚಿ, ಬೋರಲು ಹಾಕಿದ ಡಬ್ಬದ ಮೇಲೆ ಬಲಗೈ ಚಾಚಿದ. ಯಾರಾದರೂ ಬಂದರೇ ಎಂದು ಕತ್ತು ಹೊರಳಿಸಿ ಹೊರಳಿಸಿ ನೋಡಿದ. ಬಂದವನು ಮೆಕ್ಯಾನಿಕ್.

"ಏನಣ್ಣ ಜೋಡಿಬಣ್ಣ, ಕೈ ಒಣಗಾಕಿದ್ದೀಯಾ?"

"ಕೀಲುನೋವು ಕಣೋ."

"ಸುಟ್ಕೊಂಡೀಯ ನೋಡು."

"ಇಪ್ಪತ್ತಾರು ವರ್ಷ ಸುಟ್ಟ ಚರ್ಮ ಇದು. ಇದಕ್ಕೇನಾಗುತ್ತೆ, ಹೋಗೋ!"

ವಾರಗಟ್ಟಲೆ ನೆಟ್ಟಗೆ ನಿದ್ದೆಯಿಲ್ಲದ ಕಣ್ಣು. ಗೋಡೆಗೊರಗಿದ್ದಷ್ಟೇ ಗೊತ್ತು. ಎಚ್ಚರವಾದಾಗ ಗಂಟೆಗಳೇ ಕಳೆದಿದ್ದವು. ಅಂಗೈ ಆಕಾಶ ನೋಡುತ್ತ ಬಿದ್ದಿತ್ತು.

ಸಂಜೆ ಅಂಗಿಯ ತೋಳು ತಾಗಿದರೂ ಪ್ರಾಣ ಹೋಗುವಂಥ ಉರಿ. ಹಿತ್ತಿಲ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದವನನ್ನು ಮಗಳು ಹಿಡಿದಳು.

"ಕಪ್ಪಗಿದ್ದೋರಿಗೆ ಬಿಸಿಲು ಸುಡಲ್ಲ ಅಂತ ಯಾರಪ್ಪ ಹೇಳಿದ್ದು? ದಿನಾ ನೂರು ಜನಕ್ಕೆ ಹೇಳ್ತೀನಿ, ಮನೇಲೇ ಕೇಳೋರಿಲ್ಲ!" ಎಂದು ಬೈಯುತ್ತಲೇ ಒದ್ದೆ ಬಟ್ಟೆ ಹೊದಿಸಲು ಬಂದವಳ ಕೈ ಅರ್ಧಕ್ಕೇ ನಿಂತಿತು. ಕೈಯ ಮೇಲ್ಭಾಗಕ್ಕೆ ಏನೂ ಆಗಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ, ನರ ಕಾಣುವ ಎಳೆಯ ಒಳಬದಿ ಮಾತ್ರ ಕೆಂಪಗೆ ಕುದಿಯುತ್ತಿತ್ತು.

ಅವಳು ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟಿಯರಿಂಗ್ ಹಿಡಿದಳು. ಬಗ್ಗಿ ತನ್ನ ಕೈ ನೋಡಿಕೊಂಡಳು. ಒಳಬದಿ ನೆಲದ ಕಡೆಗಿತ್ತು.

"ಅಪ್ಪಾ, ಬಸ್ಸು ಓಡಿಸ್ತಾ ಇಲ್ಲಿಗೆ ಹೇಗೆ ಬಿಸಿಲು ಬಿತ್ತು?"

ಅವನು ನಲ್ಲಿ ನಿಲ್ಲಿಸಿದ.

"ಬಸ್ಸಿಂದ ಇಳಿಸಿಬಿಟ್ರು ಕಣೇ," ಎಂದ. "ಐದು ವಾರ ಆಯ್ತು. ಕಣ್ಣು... ಪೊರೆಯಂತೆ."

"ಅಮ್ಮಂಗೆ?"

"ನಾನೇ ಹೇಳ್ತೀನಿ. ನೀನು ಸುಮ್ನಿರು."

ಅಡುಗೆಮನೆಯಲ್ಲಿ ಹೆಂಡತಿ ತಟ್ಟೆಯಲ್ಲಿ ಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. "ಅಪ್ಪ ಮಗಳದ್ದು ಏನದು ಗುಸುಗುಸು?" ಎಂದಳು, ತಲೆಯೆತ್ತದೆ.

ಅವನು ಎದುರಿಗೆ ಕೂತ. ತಟ್ಟೆಯ ಮೇಲೆ ಬಗ್ಗಿದ. ತುಂಬ ಹೊತ್ತು ಹುಡುಕಿ, ಎರಡು ಬೆರಳಲ್ಲಿ ಒಂದು ಕಲ್ಲನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ.

ಅದು ಕಲ್ಲಲ್ಲ, ಕಾಳು. ಅವಳು ಅದನ್ನು ನೋಡಿದಳು, ಅವನ ಮುಖ ನೋಡಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಒಂದು ಕಾಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತಳು.