ತೊಲೆಯ ಕೆಳಗಿನ ಜಾಗ

ತೊರೆಪಾಳ್ಯದ ಸರ್ಕಾರಿ ಶಾಲೆ ಮೊದಲು ಶಾಲೆಯೇ ಅಲ್ಲ, ಒಂದು ಹಳೇ ಹೆಂಚಿನ ಮನೆ. ದಂಡಿನಶಿವರದಿಂದ ಮೂರು ಮೈಲಿ ಒಳಕ್ಕೆ, ತೆಂಗಿನ ತೋಟ ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳದ ಆ ಊರಲ್ಲಿ, ಅರವತ್ತು ವರ್ಷದ ಹಿಂದೆ ಕೆಂಪಯ್ಯ ಅನ್ನೋ ಯಜಮಾನರು ಮಕ್ಕಳು ಓದಿಕೊಳ್ಳಲಿ ಅಂತ ಆ ಮನೆ ಬಿಟ್ಟುಕೊಟ್ಟರು. ಅಟ್ಟ ಮಾತ್ರ ಬಿಟ್ಟುಕೊಡಲಿಲ್ಲ. "ಕೆಳಗೆ ಸರಸ್ವತಿ ಇರ್ಲಿ, ಮೇಲೆ ಲಕ್ಷ್ಮಿ ಇರ್ಲಿ" ಅಂದರಂತೆ. ಊರೆಲ್ಲ ಭಲೇ ಅಂದಿತಂತೆ. ಅವತ್ತಿಂದ ಇವತ್ತಿನವರೆಗೂ ಕೆಳಗೆ ಮಕ್ಕಳ ಮಗ್ಗಿ, ಮೇಲೆ ಕೊಬ್ಬರಿಗೆ ಹಾಕಿದ ಕಾಯಿ. ಕಾಯಿ ಅಂದರೆ ಒಂದು ವರ್ಷ ಅಟ್ಟದ ಮೇಲೆ ಅಲುಗಾಡದೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಲ್ಲೀತನಕ ಅದನ್ನು ಮುಟ್ಟೋ ಹಾಗಿಲ್ಲ. ಆ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ತರನ್ನುಮ್ ತಿಪಟೂರಿನವಳು. ಬಂದು ಒಂದು ವರ್ಷವಾಗಿತ್ತು. ಐದು ಕ್ಲಾಸು, ಇಪ್ಪತ್ಮೂರು ಮಕ್ಕಳು, ಒಂದೇ ಹಜಾರ. ಹೆಡ್ಮಿಸ್ಸೂ ಅವಳೇ, ಪಾಠ ಹೇಳೋಳೂ ಅವಳೇ, ಗಂಟೆ ಹೊಡೆಯೋಳೂ ಅವಳೇ. ಜೂನ್ ತಿಂಗಳಲ್ಲಿ ಆಫೀಸಿನಿಂದ ಒಂದು ಫಾರಂ ಬಂತು. ಶಾಲೆಯ ಸುಧಾರಣೆಗೆ ಈ ವರ್ಷ ಮೂರು ಗುರಿ ಬರೆಯಿರಿ, ಯಾರು ಮಾಡುತ್ತಾರೆ, ಯಾವತ್ತಿನೊಳಗೆ ಮಾಡುತ್ತಾರೆ ತೋರಿಸಿ, ಎಸ್‌ಡಿಎಂಸಿ ಶಾಲಾ ಸಮಿತಿಯ ಅಧ್ಯಕ್ಷರ ಸಹಿ ಹಾಕಿಸಿ ಕಳಿಸಿ, ಅಂತ. ಮೊದಲನೇದನ್ನು ಅವಳು ನಿಂತ ನಿಲುವಿನಲ್ಲೇ ಬರೆದಳು: ಮೂರನೇ ಕ್ಲಾಸಿನ ಪ್ರತಿ ಮಗುವೂ ತಡವರಿಸದೆ ಓದಬೇಕು. ಎರಡನೇದು, ದಾಖಲಾತಿ ಇಪ್ಪತ್ತೈದು ದಾಟಬೇಕು. ಮೂರನೇದಕ್ಕೆ ಪೆನ್ನು ಎತ್ತಿಕೊಂಡವಳು ತಲೆ ಎತ್ತಿ ಮೇಲೆ ನೋಡಿದಳು.

ಆ ವರ್ಷ ಕೊಬ್ಬರಿ ರೇಟು ಯಾರೂ ಕಂಡು ಕೇಳದಷ್ಟು ಏರಿತ್ತು. ಕೆಂಪಯ್ಯನವರ ಮಗ ದೊಡ್ಡಣ್ಣ, ಈಗಿನ ಅಧ್ಯಕ್ಷ ಅವನೇ, ತನ್ನ ತೋಟದ್ದು ಸಾಲದು ಅಂತ ಸುತ್ತಲ ಊರಿನ ಕಾಯನ್ನೂ ಕೊಂಡು ತಂದು ಅಟ್ಟಕ್ಕೆ ಸುರಿಸಿದ್ದ. ಮೊಣಕಾಲುದ್ದ ಇರುತ್ತಿದ್ದ ರಾಶಿ ಈಗ ಎದೆಮಟ್ಟ. ಅಷ್ಟನ್ನೂ ಹೊತ್ತಿದ್ದು ಹಜಾರದ ನಡುವಿನ ಒಂದೇ ಒಂದು ತೊಲೆ. ಅದಕ್ಕೆ ಕುಟ್ಟೆಹುಳ ಹಿಡಿದಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ನಡುಸಾಲಿನ ಮಕ್ಕಳು ಕೂರೋ ಚಾಪೆಯ ಮೇಲೆ ಹಳದಿ ಪುಡಿ ಉದುರಿರುತ್ತಿತ್ತು. ಮಕ್ಕಳು ಅದರಲ್ಲಿ ಬೆರಳಾಡಿಸಿ ಅ ಆ ಬರೆಯೋರು. ಅದನ್ನು ನೋಡಿದಾಗೆಲ್ಲ ತರನ್ನುಮ್ ಪೊರಕೆ ತಂದು ಗುಡಿಸಿಬಿಡುತ್ತಿದ್ದಳು.

ಒಂದು ಶನಿವಾರ ಅವಳ ತಂದೆ ರಹಮತುಲ್ಲಾ ಕರೆದುಕೊಂಡು ಹೋಗಲು ಬಂದರು. ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದ ಮನುಷ್ಯ; ದೂರದಲ್ಲಿ ಬರುವ ಲಾರಿ ನೋಡಿಯೇ ಎಷ್ಟು ಟನ್ನು ಹೊತ್ತಿದೆ ಅಂತ ಹೇಳೋರು. ಒಳಗೆ ಬಂದವರು ಮಗಳ ಕಡೆ ನೋಡಲಿಲ್ಲ, ತೊಲೆಯ ಕಡೆ ನೋಡಿದರು. ಬೆಂಚು ಹತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿದರು. ಹಿಡಿಯವರೆಗೂ ಒಳಗೆ ಹೋಯಿತು.

"ಮಕ್ಳನ್ನ ಇದರ ಕೆಳಗೆ ಕೂರಿಸ್ತೀಯಾ?"

"ಮತ್ತೆಲ್ಲಿ ಕೂರಿಸಲಿ ಅಬ್ಬಾ? ಹೊರಗೆ ಮಳೆ. ಜಗಲಿ ಮೇಲೆ ಐದು ಮಕ್ಳೂ ಹಿಡಿಸಲ್ಲ."

ಅವರು ಸ್ಕೂಟರಿನ ಡಿಕ್ಕಿಯಿಂದ ನೈಲಾನ್ ದಾರ ತಂದು, ತೊಲೆಗಿಂತ ಒಂದು ಬೆರಳು ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಕಟ್ಟಿದರು. "ದಾರ ಸುಳ್ಳು ಹೇಳಲ್ಲ ಬೇಟಾ. ತೊಲೆ ಬಂದು ದಾರ ಮುಟ್ಟಿತು ಅಂದ್ರೆ ನೀನು ಒಂದು ದಿನಾನೂ ಕಾಯಬೇಡ."

ಹದಿನೆಂಟೇ ದಿನ. ತೊಲೆ ದಾರದ ಮೇಲೆ ಬಂದು ಕೂತಿತು.

ಹಾಗಾದರೆ ಆಫೀಸಿಗೆ ಒಂದು ಕಾಗದ ಬರೆದು ಬಿಸಾಕಬಾರದಿತ್ತಾ ಅಂತ ಕೇಳ್ತೀರಿ. ಬರೆಯಬಹುದಿತ್ತು. ಬರೆದರೆ ಇಂಜಿನಿಯರು ಬರುತ್ತಾರೆ, ಕಟ್ಟಡ ಯೋಗ್ಯವಲ್ಲ ಅನ್ನುತ್ತಾರೆ, ಇಪ್ಪತ್ಮೂರು ಮಕ್ಕಳಿಗೆ ಹೊಸ ಕಟ್ಟಡ ಯಾರು ಕೊಡುತ್ತಾರೆ? ಶಾಲೆಗೆ ಬೀಗ ಬೀಳುತ್ತದೆ, ಮಕ್ಕಳು ಮೂರು ಮೈಲಿ ನಡೆದು ಬೇರೆ ಶಾಲೆಗೆ ಹೋಗಬೇಕು. ಗಂಡು ಹುಡುಗರು ಹೇಗೋ ಹೋಗುತ್ತಾರೆ. ಹನ್ನೆರಡು ಹೆಣ್ಣುಮಕ್ಕಳಲ್ಲಿ ಅರ್ಧ ಮನೆಯಲ್ಲೇ ಉಳಿಯುತ್ತವೆ. ಅವಳಿಗೆ ಶಾಲೆಯೂ ಉಳಿಯಬೇಕು, ಮಕ್ಕಳೂ ಉಳಿಯಬೇಕು. ಅದಕ್ಕೆ ಇದ್ದದ್ದು ಒಂದೇ ದಾರಿ: ಅಟ್ಟ ಖಾಲಿಯಾಗಬೇಕು, ಅದೂ ಊರವರ ಮಾತಿನಿಂದಲೇ. ಮೂರನೇ ಗುರಿಯ ಮುಂದೆ ಅವಳು ಬರೆದಳು: ಅಟ್ಟದ ಕಾಯಿ ಇಳಿಸುವುದು, ಆಗಸ್ಟ್ ಹದಿನೈದರೊಳಗೆ.

ಮೀಟಿಂಗಿಗೆ ಊರವರು ಬಂದು ಅದೇ ಹಜಾರದಲ್ಲಿ ಕೂತರು. ದೊಡ್ಡಣ್ಣ ಕೆಟ್ಟ ಮನುಷ್ಯನೇನಲ್ಲ ಅನ್ನೋರು ಎಲ್ಲರೂ. ನಗುಮೊಗ, ಬಿಳೀ ಪಂಚೆ, ಮಕ್ಕಳಿಗೆ ಜೇಬಿನಲ್ಲಿ ಪೆಪ್ಪರಮಿಂಟು. ಮೂರನೇ ಗುರಿ ಓದಿದ್ದೇ ತಡ, ಅವನು ಹೋ ಅಂತ ನಕ್ಕ.

"ಮೇಡಮ್ಮೋರೆ, ನೀವು ಪ್ಯಾಟೆಯೋರು. ಈಗ ಇಳ್ಸಿದ್ರೆ ಅದು ಕೊಬ್ರೀನೂ ಆಗಾಕಿಲ್ಲ, ಎಳನೀರೂ ಆಗಾಕಿಲ್ಲ. ಕೊಳ್ತು ನಾರ್ತವೆ. ಯುಗಾದಿ ಕಳೀಲಿ ಬುಡಿ."

"ತೊಲೆ ಯುಗಾದಿವರೆಗೂ ತಡೆಯಲ್ಲ ಕಣ್ರೀ. ಇಲ್ಲಿ ನೋಡಿ, ದಾರ ಮುಟ್ಟಿದೆ."

"ದಾರಾನೇ ಮೇಲಕ್ಕೆ ಬಂದಿರ್ಬೇಕು!" ಅಂದ ಹಿಂದಿನಿಂದ ಗಂಗಣ್ಣ. ಇಬ್ಬರು ಮಕ್ಕಳ ಅಪ್ಪ, ಸ್ವಂತ ತೋಟ ಇರೋನು. ಜನ ಬಿದ್ದೂ ಬಿದ್ದೂ ನಕ್ಕರು. "ನಾವೂ ಇದರ ಕೆಳಗೇ ಓದಿದ್ದು ಕಣಮ್ಮ. ನಮ್ ತಲೆ ನೆಟ್ಟಗೇ ಐತಲ್ಲ?"

ಮೇಲೆ ಎಲ್ಲೋ ಒಂದು ಕಾಯಿ ಜಾರಿ, ಡುಬು ಡುಬು ಉರುಳಿ, ಗೋಡೆಗೆ ಬಡಿದು ನಿಂತಿತು. ಒಬ್ಬರೂ ಕತ್ತೆತ್ತಿ ನೋಡಲಿಲ್ಲ. ಅವರ ನಗುವಿಗಿಂತ ಹೆಚ್ಚಾಗಿ ತರನ್ನುಮ್‌ಗೆ ಹೆದರಿಕೆಯಾಗಿದ್ದು ಅದಕ್ಕೆ.

ದೊಡ್ಡಣ್ಣ ಪೆನ್ನು ಕೇಳಿ ಇಸಕೊಂಡು, ತಾನೇ 'ಆಗಸ್ಟ್' ಹೊಡೆದು 'ಮುಂದಿನ ವರ್ಷ' ಅಂತ ಬರೆದ. ಸಹಿ ಹಾಕಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಅವಳ ಬಾಯಿಂದ ಆ ಮಾತು ಬಂದಿದ್ದು. ರೂಲಿನ ಪ್ರಕಾರ ಶಾಲೆಯಲ್ಲಿ ಓದುವ ಮಗುವಿನ ಪೋಷಕರೇ ಅಧ್ಯಕ್ಷರಾಗಬೇಕು. ದೊಡ್ಡಣ್ಣನ ಮೊಮ್ಮಗಳು ಮೋನಿಕಾ ಹಳದಿ ವ್ಯಾನಿನಲ್ಲಿ ತುರುವೇಕೆರೆಯ ಕಾನ್ವೆಂಟಿಗೆ ಹೋಗುತ್ತಿದ್ದಳು. ಇವನು ತನ್ನ ತೋಟದ ಆಳು ಭೂತಮ್ಮನ ಮಗಳು, ಈ ಶಾಲೆಯಲ್ಲೇ ಓದುವ ಸಂಜನಾಗೆ ಪೋಷಕ ಅಂತ ಬರೆಸಿಕೊಂಡು ಅಧ್ಯಕ್ಷನಾಗಿದ್ದ.

"ಎರಡನೇ ಗುರಿ ದಾಖಲಾತಿ ಹೆಚ್ಚಿಸೋದು," ಅಂದಳು. "ಅಧ್ಯಕ್ಷರ ಮನೆಯಿಂದಲೇ ಶುರುವಾಗಲಿ. ಮೋನಿಕಾ ಇಲ್ಲಿಗೇ ಬರಲಿ. ಆಗ ಊರಿನೋರೆಲ್ಲ ಕಳಿಸ್ತಾರೆ."

ಜನ ಚಪ್ಪಾಳೆ ಹೊಡೆದರು. ದೊಡ್ಡಣ್ಣನ ಹೆಂಡತಿ ಅನಸೂಯಮ್ಮ, "ಆ ವ್ಯಾನಲ್ಲಿ ಕೂಸು ದಿನಾ ವಾಂತಿ ಮಾಡ್ಕತದೆ ಕಣ್ರೀ, ಇಲ್ಲಿಗೇ ಕಳ್ಸನ" ಅಂದುಬಿಟ್ಟರು. ಅಷ್ಟು ಜನರ ಮುಂದೆ ಅವನು ಹೂಂ ಅನ್ನಲೇಬೇಕಾಯಿತು.

ಸೋಮವಾರ ಮೋನಿಕಾ ಬಂದಳು. ಎರಡು ಜಡೆ, ಹೊಸ ಬ್ಯಾಗು, ಆರು ವರ್ಷದ ಪುಟಾಣಿ. ತರನ್ನುಮ್ ಅವಳ ಕೈಹಿಡಿದು ಕರೆದುಕೊಂಡು ಹೋಗಿ ತೊಲೆಯ ನಟ್ಟನಡುವೆ, ದಾರದ ಕೆಳಗೇ ಕೂರಿಸಿದಳು. ಬೇಕಂತಲೇ ಕೂರಿಸಿದಳು. ತನ್ನ ರಕ್ತ ಅಲ್ಲಿ ಕೂತರಾದರೂ ಅವನು ಕತ್ತೆತ್ತಲಿ ಅಂತ. ಅವತ್ತು ಮನೆಗೆ ಹೋಗಿ ತಟ್ಟೆಯ ಮುಂದೆ ಕೂತವಳು ಅದನ್ನು ಪಕ್ಕಕ್ಕೆ ಸರಿಸಿದಳು. ಛೀ, ನಾನೂ ಒಂದು ಮಗುವನ್ನು ಲೆಕ್ಕಕ್ಕೆ ಇಟ್ಟುಕೊಂಡೆನಲ್ಲ ಅಂತ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ನಾಲ್ಕನೇ ದಿನ ದೊಡ್ಡಣ್ಣ ಬಂದ. ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡಿದ. ಆಮೇಲೆ ಮೆಲ್ಲಗೆ, ಮೊದಲ ಸಲ, ಕಣ್ಣು ಮೇಲಕ್ಕೆ ಹೋಯಿತು. ಆಯ್ತು, ಈಗ ಆಯ್ತು ಅಂದುಕೊಂಡಳು ತರನ್ನುಮ್.

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಮೇಡಮ್ಮೋರೆ, ನಮ್ ಪಾಪೂನ ಬಾಗ್ಲತ್ರ ಗೋಡೆ ಕಡೆ ಕೂರ್ಸಿ. ಅಲ್ಲಿ ಗಾಳಿ ಚೆನ್ನಾಗಿ ಬತ್ತದೆ."

"ಇಲ್ಲಿಗೆ ಬೇರೆ ಯಾರನ್ನ ಕೂರಿಸಲಿ?"

"ಭೂತಮ್ಮನ ಮಗ್ಳು ಐತಲ್ಲ, ಸಂಜನಾ. ಅದು ಎಲ್ಲಾದ್ರೂ ಕೂತ್ಕತದೆ."

ಅವನು ಕಾಗದದಲ್ಲಿ ಆ ಹುಡುಗಿಗೆ ಪೋಷಕ. ಇವನಿಗೆ ತಿಳಿಯದು, ತಿಳಿಸಿದರೆ ಸರಿಹೋಗುತ್ತಾನೆ ಅಂತ ತರನ್ನುಮ್ ಇಷ್ಟು ದಿನ ನಂಬಿದ್ದಳು. ಇವನಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು.

ಅವಳು ಮೋನಿಕಾಳನ್ನು ಗೋಡೆಗೆ ಸರಿಸಿದಳು, ಸಂಜನಾಳನ್ನೂ ಅವಳ ಪಕ್ಕದಲ್ಲೇ ಕೂರಿಸಿದಳು. ಆ ಮಾತನ್ನು ಅಡುಗೆಯ ಮಂಜಮ್ಮ ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲೇ ಕೇಳಿಸಿಕೊಂಡಿದ್ದಳು. ಮಾರನೇ ದಿನ ಬೆಳಗ್ಗೆ ಅವಳೇ ಮೊದಲು ಬಂದಳು. "ಮೇಡಮ್ಮೋರೆ, ನಮ್ ಹುಡುಗನ್ನೂ ವಸಿ ಆ ಕಡೆಗೆ..." ಮಧ್ಯಾಹ್ನ ಇನ್ನಿಬ್ಬರು. ಸಂಜೆ ಗಂಗಣ್ಣ ಬೈಕು ನಿಲ್ಲಿಸಿ, ಅತ್ತ ಇತ್ತ ನೋಡಿ, ಅದನ್ನೇ ಹೇಳಿದ. ಒಬ್ಬರೂ ತೊಲೆ ಅನ್ನಲಿಲ್ಲ, ಕಾಯಿ ಅನ್ನಲಿಲ್ಲ. ಗಾಳಿ, ಬೆಳಕು, ಬೋರ್ಡು ಕಾಣಾಕಿಲ್ಲ, ಹುಡುಗನಿಗೆ ಕೆಮ್ಮು. ವಾರ ತುಂಬುವಷ್ಟರಲ್ಲಿ ಇಪ್ಪತ್ನಾಲ್ಕು ಮಕ್ಕಳೂ ಎರಡೂ ಗೋಡೆಗೆ ಒತ್ತಿಕೊಂಡು ಕೂತಿದ್ದವು. ನಡುವೆ ಬರೀ ನೆಲ, ಅದರ ಮೇಲೆ ಹಳದಿ ಪುಡಿ.

ಊರಿಗೆ ಊರೇ ತಿಳಿದುಕೊಂಡಿತ್ತು. ಅವಳು ಒಂದು ಹಾಳೆ ಹಿಡಿದು ಮನೆಮನೆಗೆ ಹೋದಳು. "ನೀವು ನನಗೆ ಹೇಳಿದ್ದನ್ನೇ ಇಲ್ಲಿ ಬರೆದು ಸಹಿ ಹಾಕಿ, ಸಾಕು. ಎಲ್ಲಾ ಸೇರಿ ಕೇಳಿದ್ರೆ ಅವರು ಇಳಿಸ್ತಾರೆ." ಗಂಗಣ್ಣ ಕೈ ಮುಗಿದ. "ನಮ್ಮನ್ನ ಎಳೀಬ್ಯಾಡಿ ತಾಯಿ. ನಮ್ಮ ಕಾಯಿನೂ ಅವರ ಅಟ್ಟದ ಮೇಲೇ ಐತೆ." ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, "ಹೆಂಗೂ ಮಕ್ಳು ಪಕ್ಕಕ್ಕೆ ಕೂತವಲ್ಲ" ಅಂದ. ಹಾಳೆ ಖಾಲಿಯಾಗಿಯೇ ವಾಪಸ್ಸು ಬಂತು.

ಅದಾಗಿ ಎರಡನೇ ದಿನ, ಮೂರನೇ ಕ್ಲಾಸಿನವರು ಸಾಲು ಸಾಲಾಗಿ ಓದುತ್ತಿದ್ದಾಗ, ಶಾಲೆಯ ಹಿಂದೆ ಟ್ರ್ಯಾಕ್ಟರ್ ಬಂದು ನಿಂತ ಸದ್ದಾಯಿತು. ಹೊರಗೆ ಹೋಗಿ ನೋಡಿದರೆ ಟ್ರೈಲರ್ ತುಂಬ ಕಾಯಿ. ಇಬ್ಬರು ಆಳುಗಳು ಅಟ್ಟದ ಕಿಟಕಿಗೆ ಏಣಿ ಹಾಕುತ್ತಿದ್ದರು. ದೊಡ್ಡಣ್ಣ ಕೊಡೆ ಹಿಡಿದು ನಿಂತಿದ್ದ.

"ಇನ್ನೂ ಹಾಕ್ತಿದ್ದೀರಾ!" ಅಂದಳು.

"ಯಾಕೆ ಗಾಬ್ರಿ ಮೇಡಮ್ಮೋರೆ? ಈಗ ನಡುವೆ ಯಾರೂ ಕೂರಾಕಿಲ್ವಲ್ಲ." ಎಷ್ಟು ಮೆದುವಾಗಿ ಹೇಳಿದ ಅಂದರೆ, ಅವಳ ಕೆಲಸವನ್ನು ಮೆಚ್ಚಿಕೊಂಡೇ ಹೇಳಿದ. "ನಿಮ್ ಗುರಿ ಮುಟ್ದಂಗೇ ಆಯ್ತು."

ತರನ್ನುಮ್ ಒಳಗೆ ಓಡಿದಳು. "ಎಲ್ಲಾ ಬ್ಯಾಗು ತಗೊಳ್ಳಿ. ಓಡಬೇಡಿ. ಗೋಡೆ ಹಿಡ್ಕೊಂಡು ಹೊರಗೆ ನಡೀರಿ." ಇಪ್ಪತ್ನಾಲ್ಕನ್ನೂ ಎಣಿಸಿ ಹೊರಗೆ ಬಿಟ್ಟಳು. ತುಂತುರು ಮಳೆಯಲ್ಲಿ ಮಕ್ಕಳು ಅಡುಗೆ ಶೆಡ್ಡಿನ ಕೆಳಗೆ ಗುಂಪಾಗಿ ನಿಂತವು. ಅವಳು ಜಗಲಿಯ ಮೇಲೆ ಕೂತು, ಹೊಸ ಹಾಳೆ ತೊಡೆಯ ಮೇಲಿಟ್ಟು ಬರೆದಳು. ಫೋನಿನಲ್ಲಿ ಅದರ ಫೋಟೊ ತೆಗೆದಳು, ಆಫೀಸಿನ ನಂಬರು ಒತ್ತಿಟ್ಟುಕೊಂಡಳು, ಕಳಿಸಲಿಲ್ಲ. ನೇರ ಟ್ರ್ಯಾಕ್ಟರಿನ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಓದಿದಳು.

"ಸುಧಾರಣೆಯ ಗುರಿ ಒಂದೇ. ಈ ಶಾಲೆಯನ್ನು ಇವತ್ತೇ ಮುಚ್ಚುವುದು. ಕಾರಣ, ಕಟ್ಟಡದ ತೊಲೆ ಮಕ್ಕಳ ಮೇಲೆ ಬೀಳುವ ಸ್ಥಿತಿಯಲ್ಲಿದೆ."

ಏಣಿಯ ಮೇಲಿದ್ದ ಆಳು ಕುಕ್ಕೆ ಹಿಡಿದವನು ಹಾಗೇ ನಿಂತ. ಅಪ್ಪ ಕೊಟ್ಟ ಶಾಲೆ, ಮನೆತನದ ಹೆಸರು, ಊರಿನ ಮಕ್ಕಳು. ಇದಕ್ಕೂ ಬಗ್ಗದ ಮನುಷ್ಯ ಇರುತ್ತಾನಾ? ಬೇಡ ಮೇಡಮ್ಮೋರೆ ಅನ್ನು, ಕಾಯಿ ಇಳಿಸ್ತೀನಿ ಅನ್ನು ಅಂತ ಅವಳು ಒಳಗೊಳಗೇ ಬೇಡಿಕೊಳ್ಳುತ್ತಾ ಅವನ ಮುಖವನ್ನೇ ನೋಡಿದಳು.

ದೊಡ್ಡಣ್ಣ ಕೊಡೆ ಮಡಚಿ, ಚಪ್ಪಲಿ ಬಿಟ್ಟು, ಖಾಲಿ ಹಜಾರದೊಳಗೆ ಹೋದ. ಗೋಡೆಯ ಪಕ್ಕವೇ ನಡೆದು, ಆ ತುದಿಯಿಂದ ಈ ತುದಿಗೆ ಕಣ್ಣಲ್ಲೇ ಅಳೆದು, ಹೊರಗೆ ಬಂದ.

"ಮುಚ್ಚಿದ್ರೂ ಒಳ್ಳೇದೇ ಬುಡಿ," ಅಂದ. "ಕೆಳಗೂ ಕಾಯಿ ತುಂಬುಸ್ಬೋದು. ಹೊಸಾ ಕಾಯಿ ಕೆಳಗೇ ಬಿದ್ರೆ, ನೀವೇ ಅಂತಿದ್ರಲ್ಲ, ತೊಲೆಗೂ ಭಾರ ಕಮ್ಮಿ ಆಯ್ತದೆ."

ಶೆಡ್ಡಿನ ಕೆಳಗೆ ಮೂರನೇ ಕ್ಲಾಸಿನ ಒಂದು ಹುಡುಗಿ ಬಿಟ್ಟ ಸಾಲಿನಿಂದಲೇ ಜೋರಾಗಿ ಓದುತ್ತಿತ್ತು, ಒಂದು ಕಡೆಯೂ ತಡವರಿಸದೆ. ತರನ್ನುಮ್ ಫೋನು ತೆಗೆದು ಕಳಿಸಿದಳು.