ಗದ್ದದ ಚುಕ್ಕಿಗಳು

ಹಳೆಯ ಫೋಟೋಗಳ ಗೀರು, ಬೂಷ್ಟು, ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವುದು ದಾನೇಶ್ವರಿಯ ಕೆಲಸ. ಹನ್ನೆರಡು ವರ್ಷಗಳಿಂದ ಮುಂಬೈಯ ಭಾಂಡುಪ್‌ನಿಂದ ವಿಕ್ರೋಳಿಯ ಆಫೀಸಿಗೆ ಓಡಾಡುತ್ತ ಎಷ್ಟು ಜನರ ಮುಖ ತೊಳೆದಿದ್ದಾಳೋ ಲೆಕ್ಕವಿಲ್ಲ.

ಈ ವಾರ ನ್ಯೂಜಿಲೆಂಡಿನ ಚಿತ್ರಗಳು ಬಂದಿದ್ದವು. ಬ್ರಿಟಿಷರ ಕಾಲದ ಸ್ಟುಡಿಯೋದಲ್ಲಿ ಕೂತ, ಅಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸರು. ನಾರಿನಲ್ಲಿ ನೇಯ್ದು ಹಕ್ಕಿಯ ಪುಕ್ಕ ಸೇರಿಸಿದ ಹೊದಿಕೆ, ಕೂದಲಲ್ಲಿ ಗರಿ, ಗದ್ದದ ತುಂಬ ಸುರುಳಿ ಸುರುಳಿ ಹಚ್ಚೆ. ಕೆಳಗೆ ಹೆಸರಿಲ್ಲ, 'ಮಾವೊರಿ ಹೆಂಗಸು' ಎಂದಷ್ಟೇ ಇತ್ತು.

"ನೋಡ್ರಿ ಮೇಡಂ, ನಾಲ್ಕು ಮಂದಿಗೂ ಒಂದೇ ಹೊದಿಕಿ."

ಮೇಲ್ವಿಚಾರಕಿ ಸಾಧನಾ ಬಗ್ಗಿ ನೋಡಿದಳು. "ಸ್ಟುಡಿಯೋದವನೇ ಹೊದಿಸಿರ್ತಾನೆ. ಮಹಾಬಳೇಶ್ವರದಲ್ಲಿ ಕಾಶ್ಮೀರಿ ಡ್ರೆಸ್ ಹಾಕ್ಸಿ ಫೋಟೋ ಹೊಡೀತಾರಲ್ಲ, ಸೇಮ್. ಆದ್ರೆ ಗದ್ದ ಮುಟ್ಟಬೇಡ ಹಾಂ. ಅದೊಂದೇ ಅವರದ್ದು. ಅವರ ವಂಶವೇ ಅದ್ರಲ್ಲಿದೆಯಂತೆ."

ದಾನೇಶ್ವರಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಅವಳ ಅವ್ವ ರುದ್ರವ್ವನ ಗದ್ದದ ಮೇಲೂ ಚುಕ್ಕಿ ಚುಕ್ಕಿ ಹಚ್ಚೆಯಿತ್ತು. ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಮಗಳನ್ನು ಓದಿಸಿದವಳು. ಅವಳು ಸತ್ತ ವರ್ಷವೇ ದಾನೇಶ್ವರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗೋಡೆಯ ಮೇಲಿನ ಅವ್ವ ಕೂಲಿಯವಳಂತೆ ಕಾಣಬಾರದೆಂದು, ಇದ್ದ ಒಂದೇ ಒಳ್ಳೆಯ ಫೋಟೋದಲ್ಲಿ ಆ ಚುಕ್ಕಿಗಳನ್ನು ದಾನೇಶ್ವರಿ ತಾನೇ ಕೂತು ಅಳಿಸಿದ್ದಳು. ಬಹಳ ನಾಜೂಕಾಗಿ. ಮೂಲವನ್ನು ಉಳಿಸದೆ ಅದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳು.

ಊಟದ ಹೊತ್ತಿಗೆ ಡಬ್ಬಿ ತೆಗೆಯದೆ ಆ ಫೋಟೋ ತೆರೆದಳು. ಮೂರು ಚುಕ್ಕಿ ಇಟ್ಟಳು. ಅವ್ವ ಅಲ್ಲ. ಇನ್ನೆರಡು ಸೇರಿಸಿದಳು. ಅದೂ ಅಲ್ಲ. ಫೋನಿನಲ್ಲಿದ್ದ ಅವ್ವನ ಆಧಾರ್ ಕಾರ್ಡಿನ ಚಿತ್ರವನ್ನು ಹಿಗ್ಗಿಸಿದರೆ ಗದ್ದದ ಜಾಗದಲ್ಲಿ ಬರೀ ಮಬ್ಬು.

ಊರಲ್ಲಿದ್ದ ಅವ್ವನ ತಂಗಿ ನೀಲಾಬಾಯಿಗೆ ಫೋನ್ ಮಾಡಿದಳು.

"ಸಣ್ಣವ್ವ, ಅವ್ವನ ಗದ್ದದಾಗ ಎಷ್ಟ ಚುಕ್ಕಿ ಇದ್ವು?"

"ಏನ ಹುಚ್ಚಿ, ಆಫೀಸದಾಗ ಕೆಲಸ ಇಲ್ಲೇನ ನಿಂಗ?" ಮುದುಕಿ ನಕ್ಕಳು. "ನಂಗ ಎರಡ ಅದಾವ. ಅಕ್ಕಗ ಮೂರೋ, ಐದೋ... ನಡುವ ಒಂದು ಗೆರಿ ಇತ್ತೇನೋ. ನಂಗ ಈಗ ಕಣ್ಣಿಗಿ ಕಟ್ಟವಲ್ದು."

"ನೆನಪ ಮಾಡ್ಕೋ ಸಣ್ಣವ್ವ. ಜರಾ."

"ನಲವತ್ತ ವರ್ಷ ಆ ಮಾರಿ ನೋಡಿದಾಕಿ ನೀ," ಎಂದಳು ನೀಲಾಬಾಯಿ, ಈಗ ನಗದೆ. "ನನ್ನ ಕೇಳ್ತೀಯಲ್ಲ ಮಗಳ."

ಫೋನ್ ಇಟ್ಟ ಮೇಲೆ ದಾನೇಶ್ವರಿ ಕಣ್ಣು ಮುಚ್ಚಿದಳು. ರೊಟ್ಟಿ ಬಡಿಯುವ ಅವ್ವನ ಕೈ ಕಂಡಿತು, ಬೆವರಿದ ಹಣೆ ಕಂಡಿತು, ಬೈಯುವಾಗ ಸೊಟ್ಟಗಾಗುತ್ತಿದ್ದ ತುಟಿ ಕಂಡಿತು. ತುಟಿಯ ಕೆಳಗೆ ಮಾತ್ರ ತಾನು ಅಳಿಸಿದ ನುಣುಪು ಚರ್ಮವೇ ಕಾಣುತ್ತಿತ್ತು.

ತಾನಿಟ್ಟ ಚುಕ್ಕಿಗಳನ್ನು ಒಂದೊಂದಾಗಿ ತೆಗೆದಳು. ಊಹೆಯ ಗುರುತು ಹೊತ್ತು ಅವ್ವ ಇನ್ನೊಬ್ಬಳಾಗುವುದು ಬೇಡವಾಗಿತ್ತು.