ಊದುವವರ ಕೆನ್ನೆ

ಕಾರ್ಖಾನೆಯ ವೈದ್ಯರು ಆರು ವರ್ಷ ಅವನ ಕಿವಿಯ ಕೆಳಗಿನ ಗಂಟನ್ನು ಬೆರಳಿಟ್ಟು ನೋಡಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ‘ಊದುವವರ ಕೆನ್ನೆ’ ಎಂದು ಚೀಟಿ ಬರೆದು, ಶಾಖ ಕೊಟ್ಟುಕೊಳ್ಳಲು ಹೇಳಿ ಕಳಿಸಿದರು.

ಗಾಜು ಊದುವವರಿಗೆ ಆ ಮಾತು ಹೊಸದಲ್ಲ. ಕೊಳವೆಗೆ ತುಟಿ ಕೊಟ್ಟು ದಿನವಿಡೀ ಊದಿದರೆ ಕೆಲವರಿಗೆ ಜೊಲ್ಲಿನ ಗ್ರಂಥಿಯೊಳಗೆ ಗಾಳಿ ಹೊಕ್ಕು ಕೆನ್ನೆ ಉಬ್ಬುತ್ತದೆ. ರಜೆಯ ದಿನ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಅವನದು ಇಳಿಯಲಿಲ್ಲ. ನೋವೂ ಇರಲಿಲ್ಲ, ಒತ್ತಿದರೆ ಗಟ್ಟಿ. ಪಕ್ಕದ ಕುಲುಮೆಯ ಕುಳ್ಳ, "ಲೋ, ಕಂಪನಿ ಗಾಳೀನ ಕದ್ದು ಬಚ್ಚಿಟ್ಟಿದೀಯಲ್ಲೋ," ಎಂದು ಕಾಲೆಳೆಯುತ್ತಿದ್ದ. ಅವನೂ ನಗುತ್ತಿದ್ದ. ಒಳಗೊಳಗೇ ಹೆಮ್ಮೆ ಬೇರೆ: ಊದಿ ಊದಿ ಸಂಪಾದಿಸಿದ್ದಲ್ಲವೆ.

ಗಂಟು ಕಿವಿಯ ಹಾಲೆಯನ್ನೇ ಮೇಲೆತ್ತಿದಾಗ ಹೆಂಡತಿ ಸುಮ್ಮನಿರಲಿಲ್ಲ. "ಗಾಳಿ ಆಗಿದ್ರೆ ಇಷ್ಟು ದಿನಕ್ಕೆ ಹಾರಿಹೋಗ್ತಿತ್ತು ಕಣ್ರೀ. ನಡೀರಿ," ಎಂದು ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ಗಂಟನ್ನು ಹೊರಗಿನಿಂದಲೂ ಬಾಯೊಳಗಿನಿಂದಲೂ ಒತ್ತಿ ನೋಡಿದರು. ಸ್ಕ್ಯಾನ್ ಮಾಡಿಸಿದರು. ಸೂಜಿ ಚುಚ್ಚಿ ಒಂದಿಷ್ಟು ಎಳೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಇಬ್ಬರನ್ನೂ ಕೂರಿಸಿಕೊಂಡರು.

"ಕ್ಯಾನ್ಸರ್ ಅಲ್ಲ, ಸದ್ಯ. ಜೊಲ್ಲಿನ ಗ್ರಂಥಿಯ ಗಡ್ಡೆ. ಹಾಗೇ ಬಿಟ್ರೆ ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು, ತೆಗೀಲೇಬೇಕು. ಕಡಲೆಕಾಳಿನಷ್ಟಿದ್ದಾಗ ಬಂದಿದ್ರೆ ಸಲೀಸಿತ್ತು. ಈಗ ಮುಖ ಆಡಿಸೋ ನರದ ಅಡಿಗೂ ಇಳಿದಿದೆ."

"ತುಟಿ?" ಎಂದನವನು.

"ಉಳಿಸೋಕೆ ನೋಡ್ತೀನಿ. ಮಾತು ಕೊಡೋಕಾಗಲ್ಲ."

ಆಪರೇಷನ್‌ಗೆ ಐದು ಗಂಟೆ ಹಿಡಿಯಿತು. ಗಡ್ಡೆ ಒಡೆದರೆ ಚೆಲ್ಲಿದಲ್ಲೆಲ್ಲ ಮತ್ತೆ ಮೊಳೆಯುತ್ತದೆಂದು ಗ್ರಂಥಿಯ ಸಮೇತ ಇಡಿಯಾಗಿ ತೆಗೆದರು. ಅಷ್ಟರಲ್ಲಿ ತುಟಿ ಆಡಿಸುವ ನರದ ಎಳೆಯೊಂದು ಸೋತುಹೋಗಿತ್ತು. ವರ್ಷ ಕಾದರೂ ಅದು ಏಳಲಿಲ್ಲ.

ಮತ್ತೆ ಕೊಳವೆ ಎತ್ತಿದ ದಿನ ತುಟಿಯ ಎಡಸಂದಿನಿಂದ ಉಸಿರು ಸೋರಿತು. ಕಾದ ಗಾಜು ಉಬ್ಬದೆ ಜೋತು ನೆಲಕ್ಕೆ ಬಿತ್ತು. ಕುಳ್ಳ ಆಚೆ ಮುಖ ತಿರುಗಿಸಿ ನಿಂತ. ಇಪ್ಪತ್ತೆರಡು ವರ್ಷ ಊದಿದವನನ್ನು ಪ್ಯಾಕಿಂಗಿಗೆ ಹಾಕಿದರು. ಮನೆಯಲ್ಲಿ ಚಹಾ ಗದ್ದಕ್ಕಿಳಿದರೆ ಹೆಂಡತಿ ನೋಡದವಳಂತೆ ಕರವಸ್ತ್ರ ಮುಂದಿಡುತ್ತಿದ್ದಳು.

ಒಂದು ಮಧ್ಯಾಹ್ನ, ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದವನ ಪಕ್ಕ ಮೇಸ್ತ್ರಿ ಬಂದು ಕುಕ್ಕರುಗಾಲಲ್ಲಿ ಕೂತ.

"ಮೂರನೇ ಕುಲುಮೆಯವಳಿಗೂ ಕಿವಿ ಕೆಳಗೆ ಗಂಟು ಎದ್ದಿದೆ ಕಣಯ್ಯ. ನಿನ್ನ ಮುಖ ನೋಡಿ ಹೆದರಿದಾಳೆ. ರಜೆ ಕೊಡಿ, ದೊಡ್ಡಾಸ್ಪತ್ರೆಗೆ ಹೋಗ್ತೀನಿ ಅಂತಾಳೆ. ಆರ್ಡರ್ ನೋಡಿದ್ರೆ ತಲೆ ಮೇಲೆ ಕೂತಿದೆ. ಬರೀ ಗಾಳಿ ಅಂತ ನೀನೊಂದ್ಸಲ ಹೇಳು. ಊದೋದು ಕಲಿಸಿದೋನು ನೀನು, ನಿನ್ನ ಮಾತು ಕೇಳ್ತಾಳೆ."

"ಗಟ್ಟಿಯಾಗಿದೆಯಾ?"

"ಅದೆಲ್ಲ ನಂಗೇನು ಗೊತ್ತು. ವೈದ್ಯರು ಚೀಟಿ ಬರೆದಾಯ್ತು."

ಅವನು ಕೈಯಲ್ಲಿದ್ದ ಹುಲ್ಲನ್ನು ನೆಲಕ್ಕೆ ಹಾಕಿ ಎದ್ದು ನಿಂತ.

"ಹೇಳಲ್ಲ ಮೇಸ್ತ್ರಿ," ಎಂದ. "ನಾನಂತೂ ಹೇಳಲ್ಲ."